ಲಾಭ, ಎರಡು, ಮೂರು…

ಕಳೆದ ವರ್ಷ ಆಫೀಸಿನವರೆಲ್ಲ ಮೈಸೂರಿಗೆ ಹೋಗಿದ್ದೆವು. ವಾಪಸ್ ಬರುವಾಗ ಊಟಕ್ಕೆ ಅಂತ ರಾಮನಗರದ ಹತ್ತಿರ ನಿಲ್ಲಿಸಿ, ಪಕ್ಕದಲ್ಲೇ ಇದ್ದ ಜಾನಪದ ಲೋಕಕ್ಕೆ ನುಗ್ಗಿದೆವು. ಹೆಚ್ಚೆಂದರೆ ನಲವತ್ತು ನಿಮಿಷ. ಬೀಸುವ ಕಲ್ಲಿನ ಮುಂದೆ ಒಂದು ಫೋಟೋ, ಎತ್ತಿನ ಗಾಡಿ ಮುಂದೆ ಒಂದು ಗ್ರೂಪ್ ಫೋಟೋ, "ನಮ್ಮಜ್ಜಿ ಮನೇಲೂ ಇತ್ತು ಇದು" ಅಂತ ಒಬ್ಬರಿಗೊಬ್ಬರು ಹೇಳಿಕೊಂಡಿದ್ದು, ಅಷ್ಟೇ. ಹೊರಡುವಾಗ ಸಾಲಾಗಿ ಇಟ್ಟಿದ್ದ ಅಳತೆ ಪಾತ್ರೆಗಳದ್ದೊಂದು ಫೋಟೋ ತೆಗೆದು, ತರೀಕೆರೆ ಹತ್ತಿರ ಇರುವ ಅಜ್ಜಿಗೆ ತೋರಿಸು ಅಂತ ಚಿಕ್ಕಪ್ಪನ ಮಗನಿಗೆ ಕಳಿಸಿದೆ.

ಐದು ನಿಮಿಷಕ್ಕೆ ಫೋನ್ ಬಂತು. ನಮಸ್ಕಾರವಿಲ್ಲ, ಊಟ ಆಯ್ತಾ ಅನ್ನೋದೂ ಇಲ್ಲ.

"ಆ ಎಡಗಡೆ ತುದೀಲಿ ಇರೋದು ಎಂತ ಅಂದ್ಕೊಂಡೆ?"

"ಚಟಾಕು ಅಲ್ವಾ ಅಜ್ಜಿ?"

"ಅಲ್ಲ ಮಾರಾಯ್ತಿ, ಅರೆಪಾವು. ಚಟಾಕು ಇನ್ನೂ ಸಣ್ಣದು. ಅದ್ರಲ್ಲಿ ಎಣ್ಣೆ ಅಳೀತಿದ್ವಿ."

ಆಮೇಲೆ ಇಪ್ಪತ್ತು ನಿಮಿಷ ಪಾಠವೇ ನಡೆಯಿತು. ಸೇರಿನ ಅರ್ಧ ಅಚ್ಚೇರು, ಅಚ್ಚೇರಿನ ಅರ್ಧ ಪಾವು, ಪಾವಿನ ಅರ್ಧ ಅರೆಪಾವು, ಅದರ ಅರ್ಧ ಚಟಾಕು. ಕಾರಿನ ಹಿಂದಿನ ಸೀಟಿನಲ್ಲಿ ಕೂತು ನಾನು ಲೆಕ್ಕ ಹಾಕಿದೆ: ಒಂದು, ಅರ್ಧ, ಕಾಲು, ಎಂಟನೇ ಒಂದು, ಹದಿನಾರನೇ ಒಂದು. ಅಂದರೆ ಪೂರ್ತಿ ಬೈನರಿ! ಎರಡು ಒಂದೇ ಅಳತೆಯ ಪಾತ್ರೆ ಇದ್ದರೆ ಯಾರು ಬೇಕಾದರೂ ಸಮಪಾಲು ಮಾಡಬಹುದು. ಹತ್ತು ಪಾಲು ಮಾಡುವುದು ಕಷ್ಟ, ಎರಡು ಪಾಲು ಮಾಡುವುದು ಸುಲಭ. 1956ರ ಕಾಯ್ದೆಯ ನಂತರ ಲೀಟರು, ಕಿಲೋ ಬಂದರೂ ಅಜ್ಜಿಯ ಅಡುಗೆಮನೆಯಲ್ಲಿ ಅಕ್ಕಿ ಇವತ್ತಿಗೂ ಪಾವಿನ ಲೆಕ್ಕದಲ್ಲೇ ಪಾತ್ರೆಗೆ ಬೀಳುತ್ತದೆ.

"ಅಳೆಯುವಾಗ ಒಂದು ಅನ್ನಬಾರದು, ಗೊತ್ತುಂಟಾ ನಿಂಗೆ?" ಅಂದಳು.

ಗೊತ್ತಿರಲಿಲ್ಲ.

"ಮೊದಲನೇದು ಲಾಭ. ಲಾಭ, ಎರಡು, ಮೂರು, ನಾಲ್ಕು… ಹಾಗೇ ಎಣಿಸೋದು. ಮನೆಯೊಳಗೆ ಬರೋ ಧಾನ್ಯನ ಒಂದು ಅಂತ ಶುರು ಮಾಡ್ತಾರಾ ಯಾರಾದ್ರೂ?"

ನಾನು ಹೊಟ್ಟೆಪಾಡಿಗೆ ಕೋಡ್ ಬರೆಯುವವಳು. ನಮ್ಮ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ನಮ್ಮಜ್ಜಿಯದು ಲಾಭದಿಂದ. ಫೋಟೋವನ್ನು ಮತ್ತೆ ದೊಡ್ಡದು ಮಾಡಿ ನೋಡಿದೆ. ಪಾತ್ರೆಗಳೆಲ್ಲ ಇದ್ದವು. ಲಾಭ ಮಾತ್ರ ಎಲ್ಲೂ ಇರಲಿಲ್ಲ. ಅದು ಪಾತ್ರೆಯಲ್ಲಿ ಇರುವಂಥದ್ದಲ್ಲ, ಅಳೆದವರ ಬಾಯಲ್ಲಿರುವಂಥದ್ದು.

ಅವತ್ತೇ ತೀರ್ಮಾನಿಸಿದೆ. ಇನ್ನೊಮ್ಮೆ ಹೋಗಬೇಕು, ಅಜ್ಜಿಯ ಜೊತೆ.

ನಿಜ ಹೇಳಬೇಕೆಂದರೆ ನಾನು ಮೊದಲು ಅವಳನ್ನು ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದು ಮ್ಯೂಸಿಯಂಗೆ ಅಲ್ಲ, ಹೆಬ್ಬೆಗೆ. ಹೆಬ್ಬೆ ಅಂದರೆ ನಿಮಗೆ ಜಲಪಾತ ನೆನಪಾಗಬಹುದು. ಕೆಮ್ಮಣ್ಣುಗುಂಡಿಯಿಂದ ಜೀಪಿನಲ್ಲಿ ಕುಲುಕಾಡಿಕೊಂಡು ಹೋಗಿ, ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಅಂತ ಎರಡು ಹಂತದಲ್ಲಿ 168 ಮೀಟರ್ ಬೀಳುವ ನೀರು ನೋಡಿ, ರೀಲ್ಸ್ ಹಾಕಿ ಬರುವ ಜಾಗ. ನಮ್ಮ ಮನೆಯಲ್ಲಿ ಹೆಬ್ಬೆ ಕಡೆ ಅಂದರೆ ಅಜ್ಜಿಯ ಗದ್ದೆ, ಒಲೆ, ಅಂಗಳ. ಭದ್ರಾ ಅಭಯಾರಣ್ಯದ ಒಳಗಿದ್ದ ಸಣ್ಣ ಊರು. ಹುಲಿ ಯೋಜನೆ ಬಂದ ಮೇಲೆ, 2001–02ರ ಸುಮಾರಿಗೆ ಆ ಕಾಡಿನೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದವು. ಹೆಚ್ಚಿನವರು ತರೀಕೆರೆ ಹತ್ತಿರದ ಎಂ.ಸಿ. ಹಳ್ಳಿಗೆ, ಕೆಲವರು ಮೂಡಿಗೆರೆ ಕಡೆಯ ಕೆಳಗೂರಿಗೆ. ನನಗಾಗ ಆರೋ ಏಳೋ ವರ್ಷ. ಲಾರಿಯ ಮೇಲೆ ಹೆಂಚು, ಬಾಗಿಲ ಚೌಕಟ್ಟು, ಮಂಚ, ಅದರ ಮೇಲೆ ಕಟ್ಟಿ ಹಾಕಿದ್ದ ಕೋಳಿ ಬುಟ್ಟಿ. ನನ್ನ ನೆನಪು ಅಷ್ಟೇ.

ಹೆಬ್ಬೆಗೆ ಹೋಗೋಣ ಅಂದಾಗ ಅಜ್ಜಿ ಒಪ್ಪಲಿಲ್ಲ. "ಮನೆ ಇಲ್ಲದ ಊರಿಗೆ ಹೋಗಿ ಎಂತ ನೋಡೋದು? ಹುಲ್ಲು ನೋಡಿ ಬರೋದಾ?" ಅಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಕಾಡು ಚಂದ ಅಂತ ನೀವೆಲ್ಲ ಹೇಳ್ತೀರಿ. ಗದ್ದೇಲಿ ತೆನೆ ಬಂದ ಕೂಡ್ಲೆ ಆನೆ ಬರೋದು. ನಿಮ್ಮಪ್ಪಂಗೆ ಜ್ವರ ಬಂದ್ರೆ ಕಂಬಳೀಲಿ ಸುತ್ತಿ ಹೊತ್ಕೊಂಡು ಹೋಗಿದ್ದು ನಾವು. ಬಂದಿದ್ದೇ ಒಳ್ಳೇದಾಯ್ತು." ಸ್ವಲ್ಪ ಹೊತ್ತು ಬಿಟ್ಟು, "ಒರಳು ಮಾತ್ರ ಅಲ್ಲೇ ಉಳೀತು. ಭಾರ ಅಂತ ನಿಮ್ಮಜ್ಜ ಬಿಟ್ಟು ಬಂದ್ರು" ಅಂದಳು.

ಸರಿ, ಹೆಬ್ಬೆ ಬೇಡ. ಹಾಗಾದರೆ ಎಲ್ಲಿ?

ನಮ್ಮ ಕಸುಬಿನವರ ಅಭ್ಯಾಸದಂತೆ ಮೊದಲು ಒಂದು ಶೀಟ್ ಮಾಡಿದೆ. ಬಯಲಿನಲ್ಲೇ ಮನೆ, ಗಾಣ, ಗಾಡಿ ಎಲ್ಲ ಇಟ್ಟು ಹಳ್ಳಿ ಬದುಕು ತೋರಿಸುವ ಮ್ಯೂಸಿಯಂಗಳು ನಮ್ಮ ಸುತ್ತ ಸಾಕಷ್ಟಿವೆ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರಿನಲ್ಲಿ ಕೆಡವಲು ಹೊರಟಿದ್ದ ಮನೆಗಳನ್ನು ಕಳಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಮುಧೋಳದ ಅರಮನೆ, ಕುಕನೂರಿನ ಕಮಲ ಮಹಲ್, ಕುಂಜೂರಿನ ಚೌಕಿ ಮನೆ ಎಲ್ಲ ಅಲ್ಲಿವೆ. ಮಂಗಳೂರಿನ ಪಿಲಿಕುಳದಲ್ಲಿ ತುಳುನಾಡಿನ ಗುತ್ತಿನ ಮನೆ ಇದೆ, ಕುಶಲಕರ್ಮಿಗಳ ಹಳ್ಳಿ ಇದೆ. ಚೆನ್ನೈ ಹತ್ತಿರ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯ ಜೊತೆ ನಮ್ಮ ಚಿಕ್ಕಮಗಳೂರಿನದೂ ಒಂದು ಮನೆ ನಿಂತಿದೆ. ಈ ಯೋಚನೆಗೆ ಹೆಸರು ತಂದುಕೊಟ್ಟಿದ್ದು ಸ್ವೀಡನ್. 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ಆರ್ತರ್ ಹಝೇಲಿಯಸ್ ಎಂಬುವರು ದೇಶದ ಮೂಲೆ ಮೂಲೆಯಿಂದ ರೈತರ ಮನೆಗಳನ್ನು ತಂದು ಸ್ಕಾನ್ಸೆನ್ ಕಟ್ಟಿದರು. ಕಾರ್ಖಾನೆಗಳು ಬಂದು ಹಳೇ ಹಳ್ಳಿ ಬದುಕು ಕಣ್ಣೆದುರೇ ಕರಗುತ್ತಿದೆ ಅನ್ನುವ ಆತಂಕ ಅವರದ್ದು.

ಮಣಿಪಾಲದ ಫೋಟೋಗಳನ್ನು ಅಜ್ಜಿಗೆ ತೋರಿಸಿದೆ. ಕೆತ್ತನೆಯ ಕಂಬಗಳನ್ನೆಲ್ಲ ಆಸೆಯಿಂದ ನೋಡಿದಳು. "ಚಂದ ಉಂಟು. ದೊಡ್ಡೋರ ಮನೆಗಳು" ಅಂದಳು.

ಆ ಮಾತು ತಲೆಯಲ್ಲಿ ಉಳಿಯಿತು. ತೇಗದ ಕಂಬ, ಹಲಸಿನ ತೊಲೆ ಇದ್ದ ಮನೆಯನ್ನು ಬಿಚ್ಚಿ, ನಂಬರ್ ಹಾಕಿ, ಇನ್ನೊಂದು ಕಡೆ ಜೋಡಿಸಬಹುದು. ಅಜ್ಜಿಯ ಮನೆಯ ಮಣ್ಣಿನ ಗೋಡೆಗೆ ಎಲ್ಲಿ ನಂಬರ್ ಹಾಕುವುದು? ಪ್ರತಿ ವರ್ಷ ಸಾರಿಸಿ, ಪ್ರತಿ ಮಳೆಗಾಲಕ್ಕೆ ಮುಂಚೆ ಸೋಗೆ ಹೊದಿಸಿ ನಿಲ್ಲಿಸಿಕೊಂಡಿದ್ದ ಮನೆ ಅದು. ಕೈ ಬಿಟ್ಟ ಎರಡೇ ಮಳೆಗೆ ಕರಗಿಹೋಗುತ್ತದೆ. ಗಟ್ಟಿಯಾದದ್ದು ಉಳಿಯುತ್ತದೆ, ಗಟ್ಟಿಯಾದದ್ದು ಇದ್ದದ್ದು ಉಳ್ಳವರ ಮನೆಯಲ್ಲಿ. ಇದು ಯಾರ ತಪ್ಪೂ ಅಲ್ಲ. ಆದರೆ ನೋಡಲು ಹೋಗುವ ನಮಗೆ ಇದು ಗೊತ್ತಿರಬೇಕು. ಇಲ್ಲದಿದ್ದರೆ ನಮ್ಮ ಹಿಂದಿನವರೆಲ್ಲ ತೊಟ್ಟಿ ಮನೆಯಲ್ಲೇ ಇದ್ದರು ಅಂದುಕೊಂಡು ಬಂದುಬಿಡುತ್ತೇವೆ.

ಹಾಗಾಗಿ ಮತ್ತೆ ಜಾನಪದ ಲೋಕಕ್ಕೇ ಬಂದು ನಿಂತೆ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. ಸರ್ಕಾರಿ ಕೆಲಸದಲ್ಲಿ ಊರೂರು ತಿರುಗುವಾಗಲೇ ಹಾಡು, ಕಥೆ, ಗಾದೆ ಕೂಡಿಹಾಕುವ ಹುಚ್ಚು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಶುರು ಮಾಡಿದರು. 1994ರಲ್ಲಿ ರಾಮನಗರದ ಹತ್ತಿರ ಸುಮಾರು ಹದಿನೈದು ಎಕರೆಯಲ್ಲಿ ಜಾನಪದ ಲೋಕ ತೆರೆಯಿತು. ಅಲ್ಲಿ ಲೋಕಮಾತಾ ಮಂದಿರ ಅಂತ ಒಂದು ಕಟ್ಟಡವಿದೆ. ಅಡುಗೆಮನೆ ಸಾಮಾನು, ಧಾನ್ಯ ತುಂಬಿಡುವ, ಅಳೆಯುವ ಪಾತ್ರೆಗಳೆಲ್ಲ ಅದರಲ್ಲಿ. ಲೋಕಮಹಲ್‌ನಲ್ಲಿ ಗೊಂಬೆ, ಯಕ್ಷಗಾನದ ವೇಷ, ವಾದ್ಯಗಳು. ಆಯಗಾರರ ಮಾಳದಲ್ಲಿ ನೇಗಿಲು, ಗಾಡಿ, ಗಾಣ. ಆಯಗಾರರು ಅಂದರೆ ಕಮ್ಮಾರ, ಕುಂಬಾರ, ಬಡಗಿ, ಅಗಸ ಹೀಗೆ ಊರಿಗೆ ಬೇಕಾದ ಕೆಲಸ ಮಾಡಿ, ಸುಗ್ಗಿಯಲ್ಲಿ ಕಣದಿಂದಲೇ ಧಾನ್ಯದ ಪಾಲು ಪಡೆಯುತ್ತಿದ್ದವರು. ಆ ಪಾಲಿನ ಹೆಸರು ಆಯ. ಇವೆಲ್ಲ ಅಜ್ಜಿಗೆ ಗೊತ್ತಿರುವ ಸಾಮಾನುಗಳು. ಅರಮನೆ ಅಲ್ಲ.

ನಾಗೇಗೌಡರ ವಿಷಯದಲ್ಲಿ ನನಗೆ ಇನ್ನೂ ಇಷ್ಟವಾಗಿದ್ದು, ಅವರು ಸಾಮಾನುಗಳನ್ನಷ್ಟೇ ಕೂಡಿಡಲಿಲ್ಲ. ಹಾಡುವವರ ದನಿಯನ್ನೂ ಧ್ವನಿಮುದ್ರಿಸಿ ಇಟ್ಟರು. ಒನಕೆ ನಾಳೆಯೂ ಇರುತ್ತದೆ, ಕುಟ್ಟುತ್ತಾ ಹಾಡಿದವಳು ಇರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಅಮ್ಮನಿಗೆ ಈ ಯೋಜನೆ ಹಿಡಿಸಲಿಲ್ಲ. "ಈ ವಯಸ್ಸಲ್ಲಿ ಅತ್ತೇನ ಅಷ್ಟು ದೂರ ಎಳ್ಕೊಂಡು ಹೋಗ್ತೀಯ. ಅಲ್ಲಿ ಒರಳು ನೋಡಿ ಅಳೋಕೆ ಶುರು ಮಾಡಿದ್ರೆ ಏನ್ ಮಾಡ್ತೀಯ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಜ್ಜಿಯನ್ನೇ ಕೇಳಿದೆ. "ಅತ್ರೆ ಅಳ್ತೀನಿ. ಟವೆಲ್ ತರ್ತೀನಿ" ಅಂದಳು.

ಆಮೇಲೆ ಅವಳು ಕೇಳಿದ ಪ್ರಶ್ನೆಗಳು ನನ್ನ ಶೀಟನ್ನು ತಲೆಕೆಳಗು ಮಾಡಿದವು. ಮೊದಲ ಪ್ಲಾನಿನಲ್ಲಿ ಬೆಳಿಗ್ಗೆ ಜಾನಪದ ಲೋಕ, ಮಧ್ಯಾಹ್ನ ಚನ್ನಪಟ್ಟಣದ ಗೊಂಬೆ, ಸಂಜೆ ರಾಮನಗರದ ಬೆಟ್ಟ ಅಂತಿತ್ತು. ಅಜ್ಜಿ ಕೇಳಿದ್ದು: ಕೂರೋಕೆ ಜಾಗ ಉಂಟಾ? ಮೆಟ್ಟಿಲು ಎಷ್ಟು? ಒಂದಕ್ಕೆ ಹೋಗಬೇಕಾದ್ರೆ ಎಲ್ಲಿ? ಮತ್ತೆ ಕೊನೆಗೆ, "ಒರಳು ಮುಟ್ಟೋಕೆ ಬಿಡ್ತಾರಾ?"

ಗೊಂಬೆ ಅಳಿಸಿದೆ. ಬೆಟ್ಟವನ್ನೂ ಅಳಿಸಿದೆ. ಒಂದು ದಿನಕ್ಕೆ ಒಂದೇ ಜಾಗ.

ಹಿಂದಿನ ದಿನವೇ ಶಿವಮೊಗ್ಗ ಕಡೆಯಿಂದ ಬರುವ ರೈಲಿಗೆ ತರೀಕೆರೆಯಲ್ಲಿ ಹತ್ತಿಸಿಕೊಂಡು ಬೆಂಗಳೂರಿಗೆ. ರಾತ್ರಿ ನನ್ನ ರೂಮಿನಲ್ಲಿ ನಿದ್ದೆ. ಬೆಳಿಗ್ಗೆ ತೆರೆಯುವ ಹೊತ್ತಿಗೆ ಅಲ್ಲಿರಬೇಕು, ಬಿಸಿಲೇರುವ ಮುಂಚೆ ಲೋಕಮಾತಾ ಮಂದಿರ ನೋಡಬೇಕು. ಅದೂ ಮೊದಲಿಗೆ. ಕಾಲಲ್ಲಿ ಕಸುವಿರುವಾಗ, ಮಾತಿಗೆ ಹುಮ್ಮಸ್ಸಿರುವಾಗ ಅವಳ ಅಡುಗೆಮನೆ. ವೇಷ, ಗೊಂಬೆಗಳೆಲ್ಲ ಆಮೇಲೆ. ಆಗದಿದ್ದರೆ ಬೇಡ.

ನೀವೂ ಹೊರಡುವುದಾದರೆ ಎರಡು ಮಾತು. ಮಂಗಳವಾರ ಅಲ್ಲಿ ರಜೆ, ಬೇರೆ ದಿನ ನೋಡಿಕೊಳ್ಳಿ. ಹೊರಡುವ ಮೊದಲು ಸಮಯ, ಟಿಕೆಟ್ ದರ ಎಲ್ಲ ಫೋನ್ ಮಾಡಿ ಕೇಳಿಕೊಳ್ಳಿ. ಇನ್ನೊಂದು, ದಾರಿ. 2023ರಲ್ಲಿ ಶುರುವಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿಕೊಂಡು ಹೊರಗಿನಿಂದ ಹೋಗುತ್ತದೆ. ಜಾನಪದ ಲೋಕ ಇರುವುದು ಹಳೇ ರಸ್ತೆಯಲ್ಲಿ, ರಾಮನಗರ ದಾಟಿ ಚನ್ನಪಟ್ಟಣದ ಕಡೆಗೆ. ಹಾಡು ಕೇಳುತ್ತಾ ಮೈಮರೆತರೆ ಮಂಡ್ಯದ ಹತ್ತಿರ ಎಚ್ಚರವಾಗುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕಿಗೆ ಪ್ರವೇಶವಿಲ್ಲ, ಬೈಕಿನವರು ಹಳೇ ರಸ್ತೆ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಬಸ್ಸಾದರೆ ಊರೊಳಗೆ ಹೋಗುವುದನ್ನೇ ಹತ್ತಿ, ನಾನ್‌ಸ್ಟಾಪ್ ಹತ್ತಬೇಡಿ. ರೈಲಾದರೆ ರಾಮನಗರದಲ್ಲಿ ಇಳಿದು ಆಟೋ.

ಇದೆಲ್ಲ ಆದ ಮೇಲೂ ದಿನಾಂಕ ಗೊತ್ತು ಮಾಡಿರಲಿಲ್ಲ. ರಿಲೀಸ್ ಇದೆ, ಮುಂದಿನ ತಿಂಗಳು ನೋಡೋಣ, ಮಳೆ ಕಳೀಲಿ, ದಸರಾ ಮುಗೀಲಿ. ನಮಗೆ ಗೊತ್ತಿರುವ ನೆಪಗಳೇ. ಮೊನ್ನೆ ಅಜ್ಜಿಗೆ ಫೋನ್ ಮಾಡಿದಾಗ ಅಳತೆಯ ವಿಷಯ ಮತ್ತೆ ಬಂತು. ಈ ಸಲ ಗೇಣಿ ಅಕ್ಕಿಯ ಕಥೆ. ಅವಳ ತವರಿನವರು ಒಬ್ಬ ಒಡೆಯರ ಗದ್ದೆ ಮಾಡುತ್ತಿದ್ದರಂತೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗೇಣಿ ಅಳೆದುಕೊಳ್ಳುವಾಗ ಒಡೆಯರ ಕಡೆಯವನು ಕೊಳಗದ ಮೇಲೆ ಗೋಪುರ ಬರುವ ಹಾಗೆ ಸುರಿಸಿಕೊಳ್ಳುತ್ತಿದ್ದ. ಆಳುಗಳಿಗೆ ಕೂಲಿ ಕೊಡುವಾಗ ಅದೇ ಪಾತ್ರೆ, ಆದರೆ ಬಾಯಿಗೆ ಕೋಲು ಎಳೆದು ಸಮ ಮಾಡಿ ಕೊಡುತ್ತಿದ್ದ. "ತಗೊಳ್ಳುವಾಗ ಗೋಪುರ, ಕೊಡುವಾಗ ಬಯಲು" ಅಂದು ನಕ್ಕಳು. "ಅವತ್ತೂ ಲಾಭ ಅಂತಾನೇ ಎಣಿಸೋದು. ಯಾರಿಗೆ ಲಾಭ ಅಂತ ನಮ್ಮಪ್ಪ ಮೆಲ್ಲಗೆ ಗೊಣಗೋರು."

ನಾನು ದಂಗಾದೆ. ಗಾಜಿನ ಆಚೆ ಹೊಳೆಯುವ ಕೊಳಗ ನೋಡಿ ನಾನು 'ಎಷ್ಟು ಚಂದ ಇತ್ತಲ್ಲ ಆ ಕಾಲ' ಅಂದುಕೊಂಡಿದ್ದೆ. ಅದೇ ಕೊಳಗದ ಬಾಯಂಚಿನಲ್ಲಿ ಎಷ್ಟು ಮನೆಯ ಹಸಿವು ಕೂತಿತ್ತು! ಒಂದೇ ಪಾತ್ರೆ, ಒಂದೇ ಗಾತ್ರ, ಎರಡು ಅಳತೆ. ಇದನ್ನು ಪಾತ್ರೆ ಹೇಳುವುದಿಲ್ಲ. ಅದರ ಮುಂದೆ ಸೆರಗೊಡ್ಡಿ ನಿಂತವರೇ ಹೇಳಬೇಕು.

ಕಥೆ ಮುಂದುವರಿಯುತ್ತಾ ಅಜ್ಜಿ ಒಂದು ಕಡೆ ನಿಂತುಬಿಟ್ಟಳು. "ಅದೇ ಕಣೇ… ಸೇರಿನ ಅರ್ಧದ್ದು… ಎಂತ ಅದರ ಹೆಸರು…" ಫೋನಿನಲ್ಲಿ ಬರೀ ಉಸಿರು ಕೇಳುತ್ತಿತ್ತು. ನನಗೆ ಗೊತ್ತಿತ್ತು. ಆದರೂ ಅವಳೇ ಹೇಳಲಿ ಅಂತ ಕಾದೆ. ಹೇಳಲಿಲ್ಲ.

"ಅಚ್ಚೇರಾ ಅಜ್ಜಿ?" ಅಂದೆ.

"ಹಾಂ, ಅಚ್ಚೇರು. ನೋಡು, ನಿಂಗೆ ಗೊತ್ತುಂಟು."

ನನಗೆ ಗೊತ್ತಿದ್ದದ್ದು ಅವಳೇ ಹೇಳಿಕೊಟ್ಟಿದ್ದಕ್ಕೆ. ಕಳೆದ ವರ್ಷ ಇದೇ ಅಜ್ಜಿ ಫೋನಿನಲ್ಲಿ ಇಡೀ ಪಟ್ಟಿಯನ್ನು ಒಂದೇ ಉಸಿರಿಗೆ ಹೇಳಿದ್ದಳು. ಮುಟ್ಟಿ, ಅಳೆದು, ತೊಳೆದು ಅರವತ್ತು ವರ್ಷ ಬಳಸಿದ ಹೆಸರು ಅದು. ಫೋನ್ ಇಟ್ಟ ಮೇಲೆ ರಜೆಗೆ ಅರ್ಜಿ ಹಾಕಿದೆ. ರಿಲೀಸ್ ನಾನಿಲ್ಲದೆಯೂ ಆಗುತ್ತದೆ. ಆಗದಿದ್ದರೆ ಮುಂದಿನ ವಾರ ಆಗುತ್ತದೆ.

ಹಾಗಾಗಿ ನನ್ನ ಓರಗೆಯವರಿಗೆ ಹೇಳುವುದು ಇಷ್ಟೇ. ನಿಮ್ಮ ಮನೆಯಲ್ಲೂ ಅಜ್ಜಿಯೋ ತಾತನೋ ದೊಡ್ಡಮ್ಮನೋ ಇದ್ದರೆ, ಇಂಥ ಜಾಗಕ್ಕೆ ಗೆಳೆಯರ ಜೊತೆ ಹೋಗುವ ಮೊದಲು ಒಮ್ಮೆ ಅವರ ಜೊತೆ ಹೋಗಿ. ಮ್ಯೂಸಿಯಂ ಹತ್ತು ವರ್ಷ ಬಿಟ್ಟು ಹೋದರೂ ಅಲ್ಲೇ ಇರುತ್ತದೆ. ಅವರನ್ನು ಗೈಡ್ ಅಂದುಕೊಳ್ಳಿ, ನೀವು ಟೂರಿಸ್ಟ್. "ಇದೇನು?" ಅಂತ ಕೇಳಬೇಡಿ, ಅದು ಫಲಕದಲ್ಲೇ ಬರೆದಿರುತ್ತದೆ. "ಇದನ್ನ ಯಾರು ಇಟ್ಕೊಂಡಿರ್ತಿದ್ರು? ಯಾರು ತೊಳೀತಿದ್ರು? ಯಾರಿಗೆ ಮುಟ್ಟೋಕೆ ಬಿಡ್ತಿರಲಿಲ್ಲ?" ಅಂತ ಕೇಳಿ. ಫಲಕದಲ್ಲಿ ಒಂದು ಹೆಸರು ಇದ್ದು, ಅವರು ಇನ್ನೊಂದು ಹೇಳಿದರೆ ತಿದ್ದಬೇಡಿ. ನಾಲ್ಕು ಹರದಾರಿಗೊಂದು ಹೆಸರು ಇರುವ ನಾಡು ನಮ್ಮದು. ಎರಡನ್ನೂ ಬರೆದುಕೊಳ್ಳಿ. ಮುಖಕ್ಕೆ ಕ್ಯಾಮೆರಾ ಹಿಡಿದರೆ ನಮ್ಮಜ್ಜಿ ಸೆರಗು ಸರಿಮಾಡಿಕೊಂಡು ಸುಮ್ಮನಾಗಿಬಿಡುತ್ತಾಳೆ. ಅದಕ್ಕೆ ಫೋನಿನ ರೆಕಾರ್ಡರ್ ಆನ್ ಮಾಡಿ, ಅವರಿಗೆ ಒಂದು ಮಾತು ಹೇಳಿ, ಜೇಬಿಗೆ ಹಾಕಿಕೊಂಡುಬಿಡಿ. ಅರ್ಧ ಗಂಟೆಗೊಮ್ಮೆ ಎಲ್ಲಾದರೂ ಕೂರಿ. ಕೂತಾಗಲೇ ಕಥೆ ಬರುವುದು.

ಒರಳು ಮುಟ್ಟಲು ಬಿಡುತ್ತಾರೋ ಇಲ್ಲವೋ, ಅಲ್ಲೇ ಹೋಗಿ ಕೇಳಬೇಕು. ಇಲ್ಲ ಅಂದರೂ ನಮ್ಮ ಹತ್ತಿರ ಒಂದು ಇದೆ. ಲಾರಿಯಲ್ಲಿ ಬರುವಾಗ ಒರಳು ಬಿಟ್ಟು ಬಂದ ಅಜ್ಜಿ, ಸೇರನ್ನು ಮಾತ್ರ ಸೀರೆಗಂಟಿನೊಳಗೆ ಇಟ್ಟುಕೊಂಡು ಬಂದಿದ್ದಳು. ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬರುತ್ತಾಳಂತೆ. "ಅಲ್ಲಿರೋದಕ್ಕೂ ನಮ್ಮದಕ್ಕೂ ಹೋಲಿಸಿ ನೋಡ್ಬೇಕು. ಯಾರದ್ದು ಸರಿ ಅಂತ."

ಜನವರಿ ಕೊನೆಯ ಶನಿವಾರ. ಅಡಿಕೆ ಕೆಲಸ ಮುಗಿದಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ಶೀಟಿನಲ್ಲಿ ಈಗ ನಾಲ್ಕೇ ಸಾಲು. ರೈಲು ಬುಕ್ ಆಗಿದೆ. ಕ್ಯಾಬಿನವರಿಗೆ ಹಳೇ ರಸ್ತೆ ಅಂತ ಹೇಳಿದ್ದೇನೆ. ಮಂಡಿ ನೋವಿನ ಮಾತ್ರೆ, ಟವೆಲ್ ಅಮ್ಮನ ಜವಾಬ್ದಾರಿ, ಅವಳೂ ಬರುತ್ತಿದ್ದಾಳೆ. ಇವು ಎರಡು, ಮೂರು, ನಾಲ್ಕು.

ಮೊದಲನೇ ಸಾಲಿನ ಎದುರು ಒಂದು ಅಂತ ಇಲ್ಲ. ಲಾಭ ಅಂತ ಬರೆದಿದ್ದೇನೆ. ಅಜ್ಜಿ ಬರ್ತೀನಿ ಅಂದಿದ್ದಾಳೆ.